'ಬರಲಿ' ಅನ್ನುವ ಮಗುವಿಗೆ 'ಬೆಂಗ' ಕಷ್ಟವೇ?



ಅಮೆರಿಕದ ನಮ್ಮ ಮನೆಗಳಲ್ಲಿ ಮಕ್ಕಳು ಹೈಸ್ಕೂಲಿಗೆ ಬಂದು ಸ್ಪ್ಯಾನಿಷ್ ತೆಗೆದುಕೊಂಡ ಕೂಡಲೇ ಒಂದು ಮಾತು ಕೇಳಿಬರುತ್ತದೆ: "ಪಾಪ, ಎಷ್ಟು ಭಾಷೆ ಅಂತ ಕಲಿಯುತ್ತೆ, ಸದ್ಯಕ್ಕೆ ಕನ್ನಡ ನಿಲ್ಲಿಸೋಣ." ಇದಕ್ಕೆ ನನ್ನ ಪೂರ್ತಿ ವಿರೋಧವಿದೆ. ಕಾರಣ ಭಾಷಾಭಿಮಾನವಲ್ಲ (ಅದೂ ಇದೆ ಅನ್ನಿ), ವ್ಯಾಕರಣ!

ಸ್ಪ್ಯಾನಿಷ್ ಕಲಿಯುವವರು ಮುಗ್ಗರಿಸುವುದು 'ಸಬ್‌ಜಂಕ್ಟಿವ್' ಎಂಬಲ್ಲಿ. 'ಬೆನೀರ್' ಅಂದರೆ ಬರುವುದು. 'ಬಿಯೆನೆ' ಅಂದರೆ ಬರ್ತಾನೆ. ಆದರೆ ಆಸೆ, ಅನುಮಾನ, ಹಾರೈಕೆ ಸೇರಿದರೆ ಅದೇ ಪದ 'ಬೆಂಗ' ಆಗುತ್ತದೆ. 'ಒಹಲಾ ಬೆಂಗ' ಅಂದರೆ, ಅವನು ಬರಲಪ್ಪಾ! (ಈ 'ಒಹಲಾ' ಅರಬ್ಬಿಯಿಂದ ಬಂದ ಪದ, ಅದರೊಳಗೆ ಅಲ್ಲಾ ಇದ್ದಾನೆ.) ಇಂಗ್ಲಿಷಿನಲ್ಲಿ ಇಂಥ ರೂಪಗಳು ಬಹುಪಾಲು ಸವೆದುಹೋಗಿವೆ. ಹಾಗಾಗಿ ಇಂಗ್ಲಿಷಿನಲ್ಲಿ ಯೋಚಿಸುವ ಮಕ್ಕಳು ಪಟ್ಟಿ ಉರು ಹೊಡೆಯುತ್ತಾರೆ.

ನನ್ನ ಮಗಳಿಗೂ ಇದೇ ಗೋಳು. "'ಅಜ್ಜಿ ಬರ್ತಾರೆ', 'ಅಜ್ಜಿ ಬರಲಿ', ಏನು ವ್ಯತ್ಯಾಸ?" ಎಂದು ಕೇಳಿದೆ. "ಒಂದು ಗ್ಯಾರಂಟಿ, ಇನ್ನೊಂದು ನಮ್ಮಾಸೆ" ಅಂದಳು. ಸಬ್‌ಜಂಕ್ಟಿವ್‌ನ ಅರ್ಧ ಪಾಠ ಅಲ್ಲೇ ಆಯಿತು.

ಇನ್ನರ್ಧ ನಮ್ಮ ಸಂಭಾವನಾರ್ಥಕದಲ್ಲಿದೆ. ಶಾಲೆಯಲ್ಲಿ ಓದಿದ್ದು ನೆನಪಿದೆಯೇ? ಬಂದಾನು, ಬಂದಾಳು, ಬಂದೀತು. 'ಕಿಸಾಸ್ ಬೆಂಗ' ಅಂದರೆ ಸಾಕ್ಷಾತ್ 'ಬಂದಾನು'. ಮರ ಹತ್ತುವ ಮಗುವಿಗೆ ನಮ್ಮಜ್ಜಿ "ಬಿದ್ದೀಯ ಜೋಕೆ" ಅನ್ನುತ್ತಿದ್ದರು. ಮೆಕ್ಸಿಕೋದ ಅಜ್ಜಿ "ಕುಯಿದಾದೊ, ನೊ ತೆ ಕಾಯ್ಗಸ್" ಅಂದಾರು. ಅಲ್ಲಿಯೂ ಸಬ್‌ಜಂಕ್ಟಿವ್ವೇ!

ಎಲ್ಲ ಕಡೆಯೂ ಹೊಂದುವುದಿಲ್ಲ, ನಿಜ. "ಅವನು ಬರ್ತಾನೆ ಅಂತ ನನಗನ್ನಿಸಲ್ಲ" ಅನ್ನುವಾಗ ನಾವು 'ಬರ್ತಾನೆ'ಯನ್ನು ಹಾಗೇ ಬಿಡುತ್ತೇವೆ. ಸ್ಪ್ಯಾನಿಷ್ ಅಲ್ಲೂ 'ಬೆಂಗ' ಕೇಳುತ್ತದೆ. ಅಂಥವನ್ನು ಮಕ್ಕಳು ಟೀಚರ್ ಹತ್ತಿರವೇ ಕಲಿಯಲಿ.

ನನಗೆ ಚಿಂತೆ ಬೇರೆಯದು. 'ಬಿದ್ದೀಯ', 'ಒಡೆದೀತು', 'ತಡವಾದೀತು' ನಮ್ಮ ಬಾಯಲ್ಲೇ ಈಗ ಎಷ್ಟು ಉಳಿದಿವೆ? "ಕೇರ್‌ಫುಲ್, ಬೀಳ್ತೀಯ" ಅಂದುಬಿಡುತ್ತೇವೆ. ನಾವು ಆಡದ ರೂಪ ಮಕ್ಕಳಿಗೆ ಎಲ್ಲಿಂದ ಬರಬೇಕು? ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಹಣ್ಣು, ತರಕಾರಿ, ಬಣ್ಣಗಳ ಹೆಸರು ಧಾರಾಳವಾಗಿ ಹೇಳಿಕೊಡುತ್ತೇವೆ. ಹೈಸ್ಕೂಲಿನ ಮಕ್ಕಳಿಗಾದರೂ 'ಬರ್ತಾನೆ, ಬರಲಿ, ಬಂದಾನು' ಮೂರನ್ನೂ ಪಕ್ಕಪಕ್ಕ ಬರೆದು, ಎದುರಿಗೆ ಸ್ಪ್ಯಾನಿಷ್ ರೂಪಗಳನ್ನು ಅವರಿಂದಲೇ ಬರೆಸಬಹುದಲ್ಲವೇ? ಕನ್ನಡ ಬಿಡಿಸಲು ಹೊರಟಿರುವ ತಂದೆತಾಯಿಯರು ಆ ಒಂದು ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ.