ಸಂತೆಯ ಚೀಲದಲ್ಲಿ ಬೇಳೆ ಮೊದಲು ಬೀಳಲಿ

ವಲಾಂಡಿ, ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಭಾಗದ ಗಡಿ ಹಳ್ಳಿಗಳಲ್ಲಿ ದುಡಿದು ತಿನ್ನುವ ಕುಟುಂಬಗಳ ಲೆಕ್ಕ ತಿಂಗಳಿನದಲ್ಲ, ವಾರದ್ದು. ಕೂಲಿ ವಾರಕ್ಕೊಮ್ಮೆ, ಸಂತೆಯೂ ವಾರಕ್ಕೊಮ್ಮೆ. ಸಂತೆಯ ಸಂಜೆ ಚೀಲದಲ್ಲಿ ಏನು ಬಂತೋ ಮುಂದಿನ ಏಳು ದಿನ ಮಕ್ಕಳ ತಾಟಿಗೆ ಬೀಳುವುದು ಅದೇ. "ಎಲ್ಲಾ ತುಟ್ಟಿ ಆಗ್ಯಾದ, ಹೆಂಗ ನಡಸೋದು?" ಎಂಬ ಮಾತು ಈಗ ಯಾವ ಮನೆಯಲ್ಲಿ ಕೇಳುವುದಿಲ್ಲ ಹೇಳಿ. ಅದರಲ್ಲೂ ಹೊಸದಾಗಿ ಸಂಸಾರ ಹೂಡಿ, ಎರಡು ಸಣ್ಣ ಮಕ್ಕಳನ್ನು ಸಾಕುತ್ತಿರುವ ಗಂಡ ಹೆಂಡತಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ.

ಹಾಗಾದರೆ ಲೆಕ್ಕವನ್ನೇ ಹಾಕಿ ನೋಡೋಣ. 2025-26ರಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ ಮಹಾರಾಷ್ಟ್ರದಲ್ಲಿ 312 ರೂ. ಗಡಿ ದಾಟಿ ಔರಾದಕ್ಕೆ ಹೋದರೆ ಅದೇ ಗುದ್ದಲಿ, ಅದೇ ಬುಟ್ಟಿಗೆ 370 ರೂ. ಮನೆಯಲ್ಲಿ ಒಬ್ಬರೇ ದುಡಿಯುವವರು, ವಾರದಲ್ಲಿ ಆರು ದಿನ ಕೆಲಸ ಸಿಕ್ಕಿತು ಎಂದು ಹಿಡಿದರೂ ಈ ಕಡೆ ಕೈಗೆ ಬರುವುದು 1,872 ರೂ. 2023-24ರ ಕೇಂದ್ರ ಸರಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಕುಟುಂಬಗಳು ಖರ್ಚಿನಲ್ಲಿ ಶೇ. 47ರಷ್ಟನ್ನು ಆಹಾರಕ್ಕೆ ಕೊಡುತ್ತವೆ. ಅಂದರೆ ವಾರದ ಸಂತೆಗೆ ಉಳಿಯುವುದು ಸುಮಾರು 880 ರೂ. ಉಳಿದದ್ದು ದವಾಖಾನೆ, ಬಟ್ಟೆ, ಕರೆಂಟು, ಮೊಬೈಲು, ಸಾಲದ ಕಂತಿಗೆ ಹೋಗುತ್ತದೆ.

ಈ 880 ರೂಪಾಯಿಯಲ್ಲಿ ನಾಲ್ಕು ಜನರ ಹೊಟ್ಟೆ ತುಂಬುವುದೇ? ಹೊಟ್ಟೆ ತುಂಬಬಹುದು. ಮಕ್ಕಳು ಬೆಳೆಯುವುದೇ ಎಂಬುದು ಬೇರೆ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.2ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಕರ್ನಾಟಕದಲ್ಲೂ ಶೇ. 35.4. ರಕ್ತಹೀನತೆ ಇದ್ದ ಮಕ್ಕಳು ಮಹಾರಾಷ್ಟ್ರದಲ್ಲಿ ಶೇ. 68.9, ಕರ್ನಾಟಕದಲ್ಲಿ ಶೇ. 65.5. ಕೂಲಿಯಲ್ಲಿ ಗಡಿ ಫರಕು ಮಾಡುತ್ತದೆ, ಮಕ್ಕಳ ಸೊರಗುವಿಕೆಯಲ್ಲಿ ಹೆಚ್ಚು ಫರಕು ಮಾಡಿಲ್ಲ. ಈ ಮಕ್ಕಳೆಲ್ಲ ಉಪವಾಸ ಇದ್ದವರಲ್ಲ. ಅನ್ನ ಉಂಡಿದ್ದಾರೆ, ರೊಟ್ಟಿ ತಿಂದಿದ್ದಾರೆ. ತಾಟಿನಲ್ಲಿ ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆ ಕಡಿಮೆ ಬಿದ್ದಿವೆ.

ಧಾನ್ಯದ ಭಾರವನ್ನು ರೇಶನ್ ಹೊರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ತಲೆಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯ ಸಿಗುತ್ತದೆ. 2023ರ ಜನವರಿಯಿಂದ ಇದು ಪುಕ್ಕಟೆ. 5 ಕೆಜಿಯನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ ತಲೆಗೆ 166 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದಂತೆ ದಿನದ ತಾಟಿಗೆ ಬೇಕಾದದ್ದು ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಾಲು 300 ಮಿಲಿ. ಧಾನ್ಯದಲ್ಲಿ ಮೂರರಲ್ಲಿ ಎರಡು ಪಾಲು ರೇಶನ್ನಿನಿಂದ ಬಂತು. ಬೇಳೆ ಮಾತ್ರ ಸಂತೆಯಿಂದಲೇ ಬರಬೇಕು. ಆದ್ದರಿಂದ ಸಂತೆಯ ನೋಟು ಮೊದಲು ಹೋಗಬೇಕಾದದ್ದು ಬೇಳೆಯ ಅಂಗಡಿಗೆ.

ವಾರಕ್ಕೆ ಬೇಳೆ ಕಾಳು 2 ಕೆಜಿ, ಕೆಜಿಗೆ 120ರಂತೆ ಹಿಡಿದರೆ 240 ರೂ. ಎಣ್ಣೆ ಮುಕ್ಕಾಲು ಕೆಜಿ, 150ರ ದರದಲ್ಲಿ 112 ರೂ. ಶೇಂಗಾ ಅರ್ಧ ಕೆಜಿಗೆ 70. ಮೊಟ್ಟೆ ಹನ್ನೆರಡು, 7 ರೂಪಾಯಿಯಂತೆ 84. ಸೊಪ್ಪು, ಉಳ್ಳಾಗಡ್ಡಿ, ತರಕಾರಿಗೆ 150. ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರ್ ಹಾಲು, ಲೀಟರಿಗೆ 50ರಂತೆ ವಾರಕ್ಕೆ 175. ಒಟ್ಟು 831 ರೂ. ದರ ವಾರ ವಾರಕ್ಕೂ ಏರಿಳಿಯುತ್ತದೆ, ಆದರೆ ಲೆಕ್ಕದ ಅಂದಾಜು ಇಷ್ಟೇ. ಉಳಿದ 49 ರೂಪಾಯಿಯಲ್ಲಿ ಚಹಾಪುಡಿ, ಸಕ್ಕರೆ, ಉಪ್ಪು, ಖಾರ. ರೊಟ್ಟಿಗೆ ಜೋಳ ಕೊಳ್ಳಲು ಏನೂ ಉಳಿಯಲಿಲ್ಲ. ಒಂದು ದಿನ ಕೂಲಿ ತಪ್ಪಿದರೆ ಸಂತೆಯ ಪಾಲಿನಲ್ಲಿ 147 ರೂ. ಖೋತಾ. ಆಗ ಮೊದಲು ನಿಲ್ಲುವುದು ಮಕ್ಕಳ ಹಾಲು.

ಇಷ್ಟು ಬಿಗಿಯಾದ ಚೀಲದಿಂದ ದುಡ್ಡು ಸೋರುವುದು ಎಲ್ಲಿ? ಅದೇ ವೆಚ್ಚ ಸಮೀಕ್ಷೆ ಇದಕ್ಕೆ ಉತ್ತರ ಹೇಳಿದೆ. ಹಳ್ಳಿಯ ಖರ್ಚಿನಲ್ಲಿ ಎಲ್ಲ ಧಾನ್ಯಗಳ ಪಾಲು ಸುಮಾರು ಶೇ. 5. ಚಹಾ, ತಂಪು ಪಾನೀಯ, ಹೋಟೆಲ್ ತಿಂಡಿ, ಪೊಟ್ಟಣದ ತಿನಿಸುಗಳ ಪಾಲು ಸುಮಾರು ಶೇ. 10. ಇಬ್ಬರು ಮಕ್ಕಳಿಗೆ ದಿನಕ್ಕೆ ಎರಡೆರಡು ಐದು ರೂಪಾಯಿ ಪೊಟ್ಟಣ ಎಂದರೆ ವಾರಕ್ಕೆ 140 ರೂ. ಅಷ್ಟು ದುಡ್ಡಿಗೆ 20 ಮೊಟ್ಟೆ ಬರುತ್ತವೆ. "ಹುಡ್ರು ಅಳ್ತಾವ, ಏನ್ ಮಾಡೋದು" ಎಂದು ತಾಯಂದಿರು ಹೇಳುವುದು ಸುಳ್ಳಲ್ಲ. ಆದರೆ ಒಂದು ಮುಷ್ಟಿ ಹುರಿದ ಶೇಂಗಾ, ಒಂದು ತುಣುಕು ಬೆಲ್ಲ ಕೈಗಿಟ್ಟರೆ ಅಳು ನಿಲ್ಲುತ್ತದೆ, ಮೈಗೂ ಹತ್ತುತ್ತದೆ.

ಉದ್ರಿಯೂ ಇನ್ನೊಂದು ತೂತು. ಉದ್ರಿ ಬರೆಸಿದವರು ದರ ಕೇಳುವಂತಿಲ್ಲ, ತೂಕ ನೋಡುವಂತಿಲ್ಲ. ಕಾಲು ಕೆಜಿ, ಅರ್ಧ ಪಾವಿನ ಪೊಟ್ಟಣದಲ್ಲಿ ಕೊಂಡ ಬೇಳೆ ಯಾವತ್ತೂ ತುಟ್ಟಿಯೇ. ತಮಾಷೆ ಎಂದರೆ ಬೇಳೆ ಬೆಳೆಯುವ ಸೀಮೆಯಲ್ಲೇ ಜನ ಹೀಗೆ ಬೇಳೆ ಕೊಳ್ಳುತ್ತಿದ್ದಾರೆ. ಲಾತೂರು, ಉದಗೀರಿನ ದಾಲ್ ಮಿಲ್ಲುಗಳು ದೇಶಕ್ಕೇ ಬೇಳೆ ಕಳಿಸುತ್ತವೆ. 2015ರಲ್ಲಿ ತೊಗರಿಬೇಳೆ ಕೆಜಿಗೆ 200 ರೂ. ಮುಟ್ಟಿದಾಗ ತೊಗರಿ ರಾಶಿ ಮಾಡಿದ ಕೈಗಳೇ ಬೇಳೆ ಕೊಳ್ಳಲಾಗದೆ ಬರೀ ಖಾರದ ಸಾರಿನಲ್ಲಿ ಅನ್ನ ಕಲಸಿದವು.

ಇದಕ್ಕೆ ಮದ್ದು ಇದೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂ. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸುಮಾರು 75 ಕೆಜಿ ಬೇಳೆ ಬೀಳುತ್ತದೆ. ಒಡೆಸುವ ಕೂಲಿ ಬಿಟ್ಟು ಕೆಜಿಗೆ 107 ರೂ. ಬಿತ್ತು, ಹೊಟ್ಟು ನುಚ್ಚು ಎಮ್ಮೆಗೆ ಆಯಿತು. ವಾರಕ್ಕೆ ಒಂದು ಕೆಜಿ ತೊಗರಿಬೇಳೆ ಉಣ್ಣುವ ಮನೆಗೆ ವರ್ಷಕ್ಕೆ ಬೇಕಾದದ್ದು 70 ಕೆಜಿ ತೊಗರಿ, ಅಂದರೆ 5,600 ರೂ. ಕೂಲಿ ಮಾಡುವ ಮನೆಗೆ ಇಷ್ಟು ಗಂಟು ಒಮ್ಮೆಗೇ ಎಲ್ಲಿಂದ ಬರಬೇಕು? ಇಲ್ಲಿಯೇ ಊರೂರಿನ ಬಚತ ಗಟಗಳು ಕೆಲಸಕ್ಕೆ ಬರಬೇಕು. ಹತ್ತು ಮನೆ ಸೇರಿ ರಾಶಿಯ ಕಾಲದಲ್ಲಿ ರೈತನ ಕಣದಿಂದಲೇ ಏಳು ಕ್ವಿಂಟಲ್ ತೊಗರಿ ಕೊಂಡು, ಬಿಸಿಲಿಗೆ ಒಣಗಿಸಿ, ಒಡೆಸಿ ಹಂಚಿಕೊಂಡರೆ ವರ್ಷದ ಬೇಳೆಯ ಚಿಂತೆ ಹೋಗುತ್ತದೆ. ಸಾಲದ ಕಂತು ವಾರಕ್ಕೆ 110 ರೂಪಾಯಿಯ ಆಸುಪಾಸು, ಮೇಲೆ ಗಟದ ಅಲ್ಪ ಬಡ್ಡಿ. ಮಳೆಗಾಲದಲ್ಲಿ ಬೇಳೆ ದರ ಜಿಗಿದರೂ ಈ ಮನೆಗಳಿಗೆ ತಟ್ಟುವುದಿಲ್ಲ. ಮದುವೆಗೆ, ಮೊಬೈಲಿಗೆ ಸಾಲ ಕೊಡುವ ಗಟ ಬೇಳೆಗೆ ಏಕೆ ಕೊಡಬಾರದು?

ಇನ್ನು ಸೋಯಾಬೀನ್. ಮುಂಗಾರಿ ಜೋಳ ಇದ್ದ ಹೊಲಗಳಲ್ಲೆಲ್ಲ ಈಗ ಸೋಯಾ ನಿಂತಿದೆ. ಮನೆಯ ಜೋಳ ಹೋಗಿ ರೊಟ್ಟಿ ಕೂಡ ಸಂತೆಯ ಪಾಲಾಯಿತು. ಸೋಯಾ ಮಾತ್ರ ಹೊಲದಿಂದ ನೇರ ಅಡತಿಗೆ ಹೋಗುತ್ತದೆ, ಮನೆಗೆ ಒಂದು ಸೇರೂ ಬರುವುದಿಲ್ಲ. ತೊಗರಿಬೇಳೆಗಿಂತ ಒಂದೂವರೆ ಪಟ್ಟು ಪ್ರೋಟೀನು ಇರುವ ಈ ಕಾಳಿಗೆ 2025-26ರ ಬೆಂಬಲ ಬೆಲೆ ಕೆಜಿಗೆ 53 ರೂ. ಹಸಿ ಸೋಯಾ ಪಚನವಾಗುವುದಿಲ್ಲ, ಅದನ್ನು ಹಾಗೇ ಬೀಸಿಸಬಾರದು. ತೊಳೆದು ಇಪ್ಪತ್ತು ನಿಮಿಷ ಕುದಿಸಿ, ಸಿಪ್ಪೆ ಉಜ್ಜಿ, ಒಣಗಿಸಿ, ಹತ್ತು ಕೆಜಿ ರೇಶನ್ ಗೋಧಿಗೆ ಒಂದು ಕೆಜಿಯಂತೆ ಬೆರೆಸಿ ಗಿರಣಿಗೆ ಹಾಕಿದರೆ ಚಪಾತಿಯ ರುಚಿ ಕೆಡದೆ ಬಲ ಹೆಚ್ಚುತ್ತದೆ.

ಈ ನೆಲದ ಹಿರಿಯರಿಗೆ ಇದೆಲ್ಲ ಹೊಸದೇನಲ್ಲ. ಲಾತೂರು, ಬೀದರ ಎರಡೂ ಕಡೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಊಟ ನೆನೆಯಿರಿ. ಹಸಿ ತೊಗರಿ, ಕಡಲೆ, ಶೇಂಗಾ, ಹತ್ತೆಂಟು ಬಗೆ ಸೊಪ್ಪು ಹಾಕಿದ ಭಜ್ಜಿ, ಸಜ್ಜೆ ಜೋಳದ ರೊಟ್ಟಿ, ಮಜ್ಜಿಗೆಯ ಅಂಬಲಿ. ಯಾವ ಡಾಕ್ಟರು ಬರೆದುಕೊಟ್ಟರೂ ಇದಕ್ಕಿಂತ ಒಳ್ಳೆಯ ತಾಟು ಆಗುವುದಿಲ್ಲ. ವರ್ಷಕ್ಕೊಂದು ದಿನದ ಆ ಜಾಣತನವನ್ನು ವಾರಕ್ಕೆ ತರಬೇಕು. ಒಂದು ದಿನ ಪುಂಡಿಪಲ್ಯ, ಒಂದು ದಿನ ಮಡಕಿ ಉಸಳಿ, ಒಂದು ದಿನ ಜುಣಕ, ಜೊತೆಗೆ ಅಗಸಿ ಹಿಂಡಿ, ಶೇಂಗಾ ಹಿಂಡಿ. ಊಟದ ಮೇಲೆ ಲಿಂಬಿ ಹೋಳು ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಹತ್ತಿದ್ದೂ ಹೋಗುತ್ತದೆ. ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣುವ ಮನೆಯಾಕೆಯ ಪಾಲನ್ನು ಮೊದಲೇ ತೆಗೆದಿಡುವುದು ಇದಕ್ಕಿಂತ ದೊಡ್ಡ ಮಾತು. ಅದಕ್ಕೆ ಒಂದು ಪೈಸೆಯೂ ಬೇಕಿಲ್ಲ.

ಆದರೆ ಎಲ್ಲವನ್ನೂ ಹೆಂಗಸಿನ ಜಾಣತನಕ್ಕೇ ಬಿಟ್ಟು ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ಗಡಿ ಹಳ್ಳಿಗಳಲ್ಲಿ ಒಂದು ವಿಚಿತ್ರ ತೊಡಕಿದೆ. ಔರಾದ, ಭಾಲ್ಕಿ ಕಡೆಯಿಂದ ಸೊಸೆಯಾಗಿ ಬಂದವಳ ಹೆಸರು ತವರಿನ ಕರ್ನಾಟಕದ ಕಾರ್ಡಿನಲ್ಲೇ ಉಳಿದಿರುತ್ತದೆ. ಅಲ್ಲಿ ಕಡಿಮೆ ಮಾಡಿಸಿದ ದಾಖಲೆ ಇಲ್ಲದೆ ಇಲ್ಲಿ ಸೇರುವುದಿಲ್ಲ. ತಾಯಿಯದೇ ಇಲ್ಲದ ಕಾರ್ಡಿನಲ್ಲಿ ಕೂಸಿನ ಹೆಸರೂ ಹಿಂದೆ ಬೀಳುತ್ತದೆ. ತಾಯಿ ಮಗು ಇಬ್ಬರ ಹೆಸರು ಇಲ್ಲದಿದ್ದರೆ ವರ್ಷಕ್ಕೆ 120 ಕೆಜಿ ಧಾನ್ಯ ಆ ಮನೆಗೆ ಬರುವುದಿಲ್ಲ. ಒಲೆ ಒಂದು ರಾಜ್ಯದಲ್ಲಿ, ಹೆಸರು ಇನ್ನೊಂದು ರಾಜ್ಯದಲ್ಲಿ! ಒಂದು ದೇಶ ಒಂದು ರೇಶನ್ ಕಾರ್ಡ್ ವ್ಯವಸ್ಥೆಯಲ್ಲಿ ಕೇಂದ್ರದ ಪಾಲನ್ನು ಹೆಬ್ಬೆಟ್ಟು ಕೊಟ್ಟು ಯಾವ ರಾಜ್ಯದಲ್ಲಾದರೂ ಎತ್ತಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ರೇಶನ್ ಅಂಗಡಿಯ ಗೋಡೆಯ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಇದನ್ನು ಬರೆಸಲು ಎಷ್ಟು ಬಣ್ಣ ಬೇಕು?

ಅಂಗನವಾಡಿಯ ಪಾಲಂತೂ ರೇಶನ್ ಕಾರ್ಡನ್ನು ಕೇಳುವುದಿಲ್ಲ. ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನಿನ ಆಹಾರ, ಬಸುರಿ ಬಾಣಂತಿಗೆ 600 ಕ್ಯಾಲೊರಿಯ ಆಹಾರ ಕಾಯ್ದೆಬದ್ಧ ಹಕ್ಕು. ಮನೆಗೆ ಕೊಟ್ಟ ಪೊಟ್ಟಣ ದನದ ಬಾನಿಗೆ ಹೋಗುತ್ತಿದ್ದರೆ ನಷ್ಟ ಮಗುವಿಗೆ. ಅದು ತಿನ್ನಲು ಬಾರದ ಹಾಗಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು.

ಶಾಲೆಯ ಮಾತಿಗೆ ಬಂದರೆ ಗಡಿಯ ಭೇದ ಕಣ್ಣಿಗೆ ಹೊಡೆಯುತ್ತದೆ. ಕರ್ನಾಟಕ 2021ರ ಡಿಸೆಂಬರಿನಲ್ಲಿ ಬೀದರವೂ ಸೇರಿ ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮಹಾರಾಷ್ಟ್ರ 2023ರಲ್ಲಿ ವಾರಕ್ಕೊಂದು ಮೊಟ್ಟೆ ಆರಂಭಿಸಿ, 2025ರ ಜನವರಿಯಲ್ಲಿ ಅದಕ್ಕೆಂದು ಕೊಡುವ ಹಣವನ್ನು ನಿಲ್ಲಿಸಿತು, ಬೇಕಾದರೆ ಊರವರ ದೇಣಿಗೆಯಿಂದ ಕೊಡಿ ಎಂದಿತು. ಕೂಲಿ ಕಡಿಮೆ ಇರುವ ಕಡೆಯ ಮಗುವಿಗೇ ಮೊಟ್ಟೆಯೂ ಇಲ್ಲ ಎಂದರೆ ಇದು ಯಾವ ನ್ಯಾಯ? ಜಯಂತಿ, ಜಾತ್ರೆ, ಬ್ಯಾನರಿಗೆ ಪಟ್ಟಿ ಎತ್ತುವ ಊರುಗಳು ಶಾಲೆಯ ಮೊಟ್ಟೆಗೂ ಪಟ್ಟಿ ಎತ್ತಲಿ. ಅದರ ಜೊತೆಗೇ ನಿಲ್ಲಿಸಿದ ಹಣವನ್ನು ಮರಳಿ ಕೊಡಿರೆಂದು ಶಾಸಕರನ್ನು ಕೇಳಲಿ.

ಬಡತನ ಒಂದು ಸಂತೆಯಲ್ಲಿ ನೀಗುವುದಿಲ್ಲ. ಕೂಲಿ ಏರಬೇಕು, ಬೇಳೆ ಎಣ್ಣೆಯೂ ರೇಶನ್ನಿನಲ್ಲಿ ಬರಬೇಕು. ಅಲ್ಲಿಯವರೆಗೆ ಮಕ್ಕಳು ಬೆಳೆಯದೆ ಕಾಯುವುದಿಲ್ಲ. ಸೊಸೆಯ ಹೆಸರು ಈ ತಿಂಗಳೇ ಕಾರ್ಡಿಗೆ ಸೇರಿಸಿ, ಕೂಸನ್ನು ಅಂಗನವಾಡಿಗೆ ಕಳಿಸಿ, ಗಟದ ಮುಂದಿನ ಸಭೆಯಲ್ಲಿ ತೊಗರಿಯ ಮಾತು ತೆಗೆಯಿರಿ. ಬರುವ ಸಂತೆಗೆ ಚೀಲ ಹಿಡಿದು ಹೊರಟಾಗ ಮೊದಲು ಬೇಳೆ ತೂಗಿಸಿ, ಉಳಿದದ್ದು ಆಮೇಲೆ.