ಕೆಡಹುವ ಮುನ್ನ ಒಂದು ಮಾತು

ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಹೆಮ್ಮೆಯಿಂದ ಹೇಳುತ್ತಾರೆ: "ಮೇಷ್ಟ್ರೇ, ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸ್ತಿದ್ದೀವಿ." ಆಗ ನಾನು ಮೌನವಾಗುತ್ತೇನೆ. ಆ ಮೌನದ ಕಾರಣವನ್ನು ಇಂದು ಹೇಳಿಬಿಡುತ್ತೇನೆ.

ನಮ್ಮ ಚೌಳಹಿರಿಯೂರಿನ ಸುತ್ತ ಇರುವುದು ಕಡೂರು ತಾಲ್ಲೂಕಿನ ಬಯಲುಸೀಮೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಹಿರಿಯರ ಮಾಳಿಗೆ ಮನೆ ಈ ನೆಲವನ್ನು ಅರಿತು ಎದ್ದದ್ದು. ದಪ್ಪನೆಯ ಮಣ್ಣಿನ ಗೋಡೆ ಹಗಲಿನ ಕಾವನ್ನು ಒಳಬಿಡದೆ ತಡೆಯುತ್ತಿತ್ತು. ತೊಲೆಯ ಮೇಲೆ ಜಂತೆ, ಅದರ ಮೇಲೆ ಸೊಪ್ಪುಕಡ್ಡಿ, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಕರಲುಮಣ್ಣು. ನೀರು ಬಿದ್ದೊಡನೆ ಕರಲು ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ಬೆಳೆಗೆ ಬಾರದ ಮಣ್ಣೇ ಮನೆಗೆ ಕೊಡೆಯಾಯಿತು. ಇದು ವಿಜ್ಞಾನವಲ್ಲದೆ ಮತ್ತೇನು?

"ಕತ್ತಲು, ಹೊಗೆ, ಸೋರಿಕೆ" ಎನ್ನುವಿರಿ. ನಿಜ. ಆ ಹೊಗೆ ಕುಡಿದವರು ನಮ್ಮ ತಾಯಂದಿರು. ಜಗಲಿಯಾಚೆ ಕಾಲಿಡಲಾಗದೆ ಅಂಗಳದಲ್ಲೇ ನಿಂತವರು ನಮ್ಮ ಹೊಲದಲ್ಲಿ ದುಡಿದವರು. ಆ ಕಟ್ಟಳೆಯನ್ನು ನಾನು ಸಮರ್ಥಿಸಲಾರೆ. ಆದರೆ ಹೊಗೆಗೆ ಗ್ಯಾಸ್ ಒಲೆ, ಕತ್ತಲೆಗೆ ಕಿಟಕಿ, ಸೋರಿಕೆಗೆ ಹೊಸ ಕರಲು, ಭೇದಕ್ಕೆ ತೆರೆದ ಬಾಗಿಲು ಮದ್ದೇ ಹೊರತು ಜೆಸಿಬಿಯಲ್ಲ.

ಇಂಗ್ಲೆಂಡಿನಲ್ಲಿ 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯ ನಂತರ ಹಳ್ಳಿಯ ಎಷ್ಟೋ ರೈತಮನೆಗಳು ಸಂರಕ್ಷಿತ ಪಟ್ಟಿಗೆ ಸೇರಿವೆ. ಅವುಗಳ ಸ್ವರೂಪ ಬದಲಿಸಲು ಮಾಲೀಕನೂ ಅನುಮತಿ ಪಡೆಯಬೇಕು. ನಮ್ಮಲ್ಲಿ ಪಕ್ಕದ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯಕ್ಕೆ ಸರ್ಕಾರದ ಕಾವಲಿದೆ, ಇರಲೇಬೇಕು. ಆದರೆ ದಂಡನಾಯಕ ಕಟ್ಟಿಸಿದ್ದು ಮಾತ್ರ ಇತಿಹಾಸ, ರೈತ ಕಟ್ಟಿದ್ದು ಹಳೇ ಸಾಮಾನೇ?

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅಳಿವಿನಂಚಿನ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಮರದ ಮನೆಯನ್ನು ಹಾಗೆ ಸಾಗಿಸಬಹುದು; ಮಣ್ಣಿನ ಗೋಡೆಯನ್ನು ಸಾಗಿಸಲಾಗದು. ಅದು ನಿಂತಲ್ಲೇ ಉಳಿಯಬೇಕು, ಇಲ್ಲವೇ ಅಳಿಯಬೇಕು.

ಉಪದೇಶ ಸುಲಭ. ನಮ್ಮ ತಂದೆಯವರ ಮನೆ ಪಾಲಾದಾಗ ಕೆಡಹಲು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಕೆತ್ತನೆಯ ಕಂಬಗಳನ್ನು ವ್ಯಾಪಾರಿಯೊಬ್ಬ ಲಾರಿಯಲ್ಲಿ ಒಯ್ದ. ಈಗ ಬೇಸಗೆಯ ರಾತ್ರಿ ಕಾದ ಕಾಂಕ್ರೀಟಿನಡಿ ನಿದ್ದೆ ಬಾರದೆ ಹೊರಳುವಾಗ ಆ ಸಹಿ ಕಣ್ಣಿಗೆ ಕಟ್ಟುತ್ತದೆ.

ನಿಮ್ಮ ಮನೆ ಇನ್ನೂ ನಿಂತಿದ್ದರೆ, ಮಣ್ಣಿನ ಕೆಲಸ ಬಲ್ಲವರಿಗೆ ಒಮ್ಮೆ ತೋರಿಸಿ. ಎಲ್ಲವೂ ಆಗದಿದ್ದರೆ ನಡುಮನೆಯನ್ನಾದರೂ ಉಳಿಸಿ. ಅಷ್ಟೂ ಸಾಧ್ಯವಾಗದಿದ್ದರೆ ಅಳತೆ ತೆಗೆದು, ಚಿತ್ರ ಬರೆದಿಡಿ. ಮೇಷ್ಟರ ಕೊನೆಯ ಮನೆಗೆಲಸವೆಂದು ತಿಳಿಯಿರಿ.