ಮನಸ್ಸಿನ ಕಾಯಿಲೆಗೂ ನಮ್ಮ ಓಣಿಯಲ್ಲೇ ಔಷಧಿ ಸಿಗಲಿ



ಲಗ್ಗೆರೆ, ಗೋರಿಪಾಳ್ಯ, ದೇವರಜೀವನಹಳ್ಳಿ, ಈಜಿಪುರ, ರಾಗಿಗುಡ್ಡ. ಬೆಂಗಳೂರಿನ ಬಟ್ಟೆ ಹೊಲಿಯುವವರು, ಕಸ ಗುಡಿಸುವವರು, ಮನೆಗೆಲಸ ಮಾಡುವವರು, ಆಟೋ ಓಡಿಸುವವರು ಬಾಳುವ ಜಾಗಗಳಿವು. ಇಲ್ಲಿನ ಯಾವುದಾದರೂ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಕೂತು ಕೇಳಿಸಿಕೊಳ್ಳಿ. "ತಲೆ ಭಾರ ಡಾಕ್ಟ್ರೇ, ನಿದ್ದೆ ಬರ್ತಿಲ್ಲ. ಎದೆ ಡವಡವ ಅನ್ನುತ್ತೆ. ಊಟ ಸೇರಲ್ಲ, ಮೈಕೈಯೆಲ್ಲ ನೋವು." ಡಾಕ್ಟರು ಬಿಪಿ ನೋಡುತ್ತಾರೆ. ಗ್ಯಾಸ್ಟ್ರಿಕ್ ಮಾತ್ರೆ ಬರೆದು, ಜೊತೆಗೆ ಬಿ-ಕಾಂಪ್ಲೆಕ್ಸ್ ಕೊಟ್ಟು ಕಳಿಸುತ್ತಾರೆ. ಹದಿನೈದು ದಿನಕ್ಕೆ ಅದೇ ಹೆಣ್ಣುಮಗಳು, ಅದೇ ಬೆಂಚು, ಅದೇ ಮಾತು. ಮನೆಯಲ್ಲಿ ಗಂಡನ ಕುಡಿತ ಎಷ್ಟಕ್ಕೆ ಬಂದಿದೆ, ವಾರದ ಸಾಲದ ಕಂತಿಗೆ ಬಾಗಿಲಲ್ಲಿ ಯಾರು ನಿಂತಿದ್ದರು, ಬದುಕೇ ಬೇಡ ಅಂತ ಅವಳಿಗೆ ಎಷ್ಟು ಸಲ ಅನ್ನಿಸಿದೆ, ಇದನ್ನು ಯಾರೂ ಕೇಳಲಿಲ್ಲ. ಡಾಕ್ಟರನ್ನು ದೂರುವ ಮಾತಲ್ಲ ಇದು. ಹಿಂದೆ ಇನ್ನೂ ಅಷ್ಟುದ್ದ ಸಾಲು ಇರುವಾಗ ಅವರಿಗಾದರೂ ಕೇಳುವ ಪುರುಸೊತ್ತು ಎಲ್ಲಿದೆ?

ಆದ್ದರಿಂದ ನಾವು ಕೇಳುತ್ತಿರುವುದು ಇಷ್ಟು. ಬಡವರ ಬಡಾವಣೆಗಳಲ್ಲಿ ಸರ್ಕಾರ ತೆರೆದಿರುವ ಪ್ರತಿಯೊಂದು 'ನಮ್ಮ ಕ್ಲಿನಿಕ್'ನಲ್ಲೂ, ಜನ ಕೆಲಸ ಮುಗಿಸಿ ಬರುವ ಸಂಜೆ ಹೊತ್ತಿನಲ್ಲಿ, ಮನಸ್ಸಿನ ಕಷ್ಟವನ್ನು ಕೂತು ಕೇಳಲು ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು ಇರಬೇಕು. ಮನಸ್ಸಿನ ಕಾಯಿಲೆಯ ಮಾತ್ರೆ ಒಂದು ದಿನವೂ ತಪ್ಪದೆ ಅಲ್ಲೇ ಸಿಗಬೇಕು.

ಇದು ನಾಲ್ಕಾರು ಮನೆಗಳ ಸಂಕಟವಲ್ಲ. ನಮ್ಮ ಊರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹಳ್ಳಿಗಳಲ್ಲಿ ನೂರಕ್ಕೆ 6.9 ಜನರಿಗೆ ಮಾನಸಿಕ ತೊಂದರೆ ಇರುವುದನ್ನು ಕಂಡಿತು. ಮಹಾನಗರಗಳಲ್ಲಿ ಅದು ನೂರಕ್ಕೆ 13.5. ಹೆಚ್ಚುಕಡಿಮೆ ಎರಡರಷ್ಟು! ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸರ್ಕಾರದ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನಾಲ್ವರಿಗೊಬ್ಬರು ದಿನಗೂಲಿಯವರು. ಅವರು ನಮ್ಮಂತೆಯೇ ದುಡಿದು ಬಾಳುತ್ತಿದ್ದವರು.

ಇದಕ್ಕೆ ಬಹಳ ಮೊದಲೇ ದಾರಿ ಹುಡುಕಿದ ನಾಡುಗಳಲ್ಲಿ ನಮ್ಮದೂ ಒಂದು ಎನ್ನುವುದು ಇಲ್ಲಿ ಹೇಳಲೇಬೇಕಾದ ಮಾತು. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸಿನ ಸಮುದಾಯ ಮನೋವೈದ್ಯ ವಿಭಾಗದವರು ಬನ್ನೇರುಘಟ್ಟದ ಕಡೆಯ ಸಕಲವಾರಕ್ಕೆ ಹೋಗಿ ಕೇಂದ್ರ ತೆರೆದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕೆಲವೇ ವಾರ ಕಲಿಸಿದರೆ ಮನಸ್ಸಿನ ಕಾಯಿಲೆಯನ್ನು ಗುರುತಿಸಿ ನೋಡಿಕೊಳ್ಳಬಲ್ಲರು ಎಂದು ಮಾಡಿ ತೋರಿಸಿದರು. 1980ರ ದಶಕದಲ್ಲಿ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿಸಿದರು. ಸುಮಾರು 20 ಲಕ್ಷ ಜನರ ಜಿಲ್ಲೆ ಅದು. ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ಇದ್ದ ಆರೋಗ್ಯ ಕೇಂದ್ರಗಳಲ್ಲೇ ಮಾತ್ರೆ ಇಟ್ಟರು, ಇದ್ದ ಡಾಕ್ಟರಿಗೇ ತರಬೇತಿ ಕೊಟ್ಟರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತದ್ದು ಈ ಬಳ್ಳಾರಿ ಮಾದರಿಯ ಮೇಲೆ. ಇವತ್ತು ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಒಳ್ಳೆಯ ಕೆಲಸ. ಆದರೆ ಬೆಂಗಳೂರಿನ ನಡುವಿನ ಕೊಳೆಗೇರಿಗೆ ತಾಲ್ಲೂಕು ಆಸ್ಪತ್ರೆ ಯಾವುದು? ಊರಲ್ಲೇ ನಿಮ್ಹಾನ್ಸ್ ಇದೆಯಲ್ಲ ಎಂಬ ಒಂದೇ ಮಾತಿನಿಂದ ನಗರದ ಬಡವರ ಬಾಯಿ ಮುಚ್ಚಿಸಲಾಗಿದೆ.

ಹೌದು, ನಿಮ್ಹಾನ್ಸ್ ಇದೆ. ನಮ್ಮ ಪುಣ್ಯ, ಇದೆ. ಅಲ್ಲಿಗೆ ಹೋಗುವುದೆಂದರೆ ಏನು ಅಂತ ಲಗ್ಗೆರೆಯ ಒಬ್ಬ ತಾಯಿಯನ್ನು ಕೇಳಿ. ಕಾಯಿಲೆಯ ಮಗನನ್ನು ಕರೆದುಕೊಂಡು ಬೆಳಕು ಹರಿಯುವ ಮೊದಲೇ ಹೊರಡಬೇಕು. ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಹೆಂಗಸರಿಗೆ ಬಸ್ಸು ಉಚಿತವಾದ 2023ರ ಶಕ್ತಿ ಯೋಜನೆಯಿಂದ ತಾಯಿಗೆ ಟಿಕೆಟ್ ದುಡ್ಡಿಲ್ಲ, ಮಗನಿಗೆ ಇದೆ. ಬಸ್ಸಿನ ಗದ್ದಲಕ್ಕೆ ಮಗ ಹೆದರಿ ಅರ್ಧ ದಾರಿಯಲ್ಲಿ ಇಳಿದುಬಿಟ್ಟರೆ ಅವತ್ತಿನ ಪ್ರಯಾಣ ಅಲ್ಲಿಗೇ ಮುಗಿಯಿತು. ಆಸ್ಪತ್ರೆ ಮುಟ್ಟಿದರೆ ಚೀಟಿಗೊಂದು ಸಾಲು, ಡಾಕ್ಟರಿಗೊಂದು ಸಾಲು, ಮಾತ್ರೆಗೊಂದು ಸಾಲು. ಮನೆ ಸೇರುವಾಗ ಸಂಜೆ. ಅವಳ ಒಂದು ದಿನದ ಕೂಲಿ ಹೋಯಿತು. ಗಾರ್ಮೆಂಟ್ಸಿನಲ್ಲಿದ್ದರೆ ಸೂಪರ್‌ವೈಸರ್ ಬೈಗುಳ ಬೇರೆ. ಇದನ್ನು ತಿಂಗಳು ತಿಂಗಳೂ, ವರ್ಷಗಟ್ಟಲೆ ಮಾಡಬೇಕು. ಎಲ್ಲೋ ಒಂದು ತಿಂಗಳು ತಪ್ಪುತ್ತದೆ, ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ. ಆಗ ಅಕ್ಕಪಕ್ಕದವರು "ಅಷ್ಟು ದಿನ ಮಾತ್ರೆ ನುಂಗಿ ಏನು ಬಂತು, ಮಂತ್ರ ಹಾಕಿಸಿ" ಅನ್ನುತ್ತಾರೆ. ಸಾಲ ಮಾಡಿ ತಾಯತ ಕಟ್ಟಿಸುತ್ತಾರೆ. ಆ ತಾಯಿಗೆ ತಿಳಿವಳಿಕೆ ಸಾಲದೆ ಹೀಗಾಯಿತು ಎನ್ನಬೇಡಿ. ಮಾತ್ರೆ ಮನೆಯ ಹತ್ತಿರ ಸಿಕ್ಕಿದ್ದರೆ ಅವಳು ತಾಯತದವನ ಬಾಗಿಲಿಗೆ ಹೋಗುತ್ತಿರಲಿಲ್ಲ.

2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ನಮ್ಮ ಕ್ಲಿನಿಕ್‌ಗಳು ಶುರುವಾದವು. ಬೆಂಗಳೂರಿನಲ್ಲಿ ವಾರ್ಡಿಗೊಂದು ಎಂದರು. ಡಾಕ್ಟರು, ನರ್ಸು, ಲ್ಯಾಬ್ ಟೆಕ್ನಿಷಿಯನ್ ಎಲ್ಲ ಇರುವ ಒಳ್ಳೆಯ ಏರ್ಪಾಡು. ಆದರೆ ಶುರುವಿನಲ್ಲಿ ಅವಕ್ಕೆ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಆ ವೇಳೆಗೆ ನಡೆಯುವ ಕ್ಲಿನಿಕ್ಕಿಗೆ, ದುಡಿಯಲು ಹೋದವರು ಮನೆಗೆ ಬರುವಷ್ಟರಲ್ಲಿ ಬೀಗ. ಮನಸ್ಸಿನ ಚಿಕಿತ್ಸೆಗೆ ವಾರಕ್ಕೆ ಎರಡು ಸಂಜೆಯಾದರೂ 8 ಗಂಟೆಯವರೆಗೆ ಬಾಗಿಲು ತೆರೆದಿರಲಿ. ಒಂದು ಪುಟ್ಟ ಕೋಣೆಯೂ ಬೇಕು, ಬಾಗಿಲು ಇರುವಂಥದ್ದು. ಬಟ್ಟೆ ಪರದೆಯ ಆಚೆ ನಾದಿನಿ ಕೂತಿರುವಾಗ ಯಾವ ಸೊಸೆ ಬಾಯಿ ಬಿಡುತ್ತಾಳೆ?

ಇನ್ನೊಂದು ಸಂಗತಿ ನಮಗೆ ತುಂಬಾ ನೋವು ಕೊಡುವಂಥದ್ದು. ಆಶಾ ಅಕ್ಕ ಮನೆಮನೆಗೆ ಬಂದು, 30 ದಾಟಿದವರ ಬಿಪಿ, ಶುಗರಿನ ವಿಚಾರ ಕೇಳಿ ಒಂದು ಫಾರಂ ತುಂಬುತ್ತಾರಲ್ಲ, ಅದರ ಕೊನೆಯಲ್ಲಿ ಮನಸ್ಸಿನ ಬಗ್ಗೆಯೂ ಎರಡು ಪ್ರಶ್ನೆ ಇವೆ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವೇ, ಮನಸ್ಸು ಕುಗ್ಗಿದೆಯೇ, ಎಷ್ಟು ದಿನ ಹಾಗಿತ್ತು ಎಂದು ಕೇಳಿ ಅಂಕ ಹಾಕಬೇಕು. ಅಂಕ ಹೆಚ್ಚಿದ್ದರೆ ಡಾಕ್ಟರ ಬಳಿ ಕಳಿಸಬೇಕು. ಕೇಳುವ ವ್ಯವಸ್ಥೆ ಇದೆ ಎಂದಾಯಿತು. ಹೌದು ಎಂದ ಹೆಣ್ಣುಮಗಳನ್ನು ಕಳಿಸುವುದು ಎಲ್ಲಿಗೆ? ಮತ್ತೆ ಅದೇ ಬೆಂಚಿಗೆ, ಅದೇ ಗ್ಯಾಸ್ಟ್ರಿಕ್ ಮಾತ್ರೆಗೆ. ಕಷ್ಟ ಹೇಳು ಅಂತ ಬಾಯಿ ಬಿಡಿಸಿ ಆಮೇಲೆ ಕೈ ಬಿಡುವುದು ಕೇಳದೆ ಇರುವುದಕ್ಕಿಂತ ಕ್ರೂರ.

ಅಷ್ಟೊಂದು ಮನೋವೈದ್ಯರು ಎಲ್ಲಿದ್ದಾರೆ ಎಂದು ಅಧಿಕಾರಿಗಳು ಕೇಳುತ್ತಾರೆ. ನಿಜ, ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಓಣಿಗೊಬ್ಬ ಮನೋವೈದ್ಯರನ್ನು ಕೊಡಿ ಎಂದು ನಾವೂ ಕೇಳುತ್ತಿಲ್ಲ. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ವೈದ್ಯಕೀಯ ಓದದ ಸಾಮಾನ್ಯರನ್ನೇ ಆರಿಸಿ ಆಪ್ತಸಮಾಲೋಚನೆಯ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. 2010ರಲ್ಲಿ ಫಲಿತಾಂಶ ಬಂತು. ಸರ್ಕಾರಿ ಕೇಂದ್ರಗಳಲ್ಲಿ ಅಂಥವರಿದ್ದ ಕಡೆ ಆರು ತಿಂಗಳಲ್ಲಿ ನೂರಕ್ಕೆ 66 ರೋಗಿಗಳು ಗುಣವಾಗಿದ್ದರು. ಇಲ್ಲದ ಕಡೆ ಸುಮಾರು 42. ಜಿಂಬಾಬ್ವೆಯ ಹರಾರೆ ನಗರದಲ್ಲಂತೂ ಡಾ. ಡಿಕ್ಸನ್ ಚಿಬಾಂಡ 2006ರಿಂದ ಬಡ ಬಡಾವಣೆಗಳ ಅಜ್ಜಿಯರಿಗೇ ತರಬೇತಿ ಕೊಟ್ಟು ಕ್ಲಿನಿಕ್ಕಿನ ಅಂಗಳದಲ್ಲಿ ಬೆಂಚು ಹಾಕಿ ಕೂರಿಸಿದ್ದಾರೆ. ನಮ್ಮ ಓಣಿಗಳಲ್ಲಿ ಅಂಥ ಗಟ್ಟಿ ಹೆಂಗಸರಿಗೆ ಬರವೇ? ಬಡಾವಣೆಗಳಲ್ಲಿರುವ ಮಹಿಳಾ ಆರೋಗ್ಯ ಸಮಿತಿಗಳಿಂದಲೇ ಆರಿಸಿ ತರಬೇತಿ ಕೊಡಿ, ಮರ್ಯಾದೆಯ ಸಂಬಳ ಕೊಡಿ. ಪುಕ್ಕಟೆ ಸೇವೆ ಎಂದು ದುಡಿಸಿಕೊಳ್ಳಬೇಡಿ. ತೀವ್ರ ಕಾಯಿಲೆಯವರನ್ನು ನೋಡಲು ತಿಂಗಳಿಗೊಮ್ಮೆ ಮನೋವೈದ್ಯರು ಬಂದರೂ ನಡೆಯುತ್ತದೆ.

ನಾವು ಭಿಕ್ಷೆ ಕೇಳುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸರ್ಕಾರದ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ. ಪ್ರಾಥಮಿಕ ಹಂತದಿಂದಲೇ ಈ ಸೇವೆ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಅಗತ್ಯ ಮಾತ್ರೆಗಳನ್ನು ಸದಾಕಾಲ ಉಚಿತವಾಗಿ ಕೊಡುವ ಕಡ್ಡಾಯ ಮಾತ್ರ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ. ನಮ್ಮ ಕ್ಲಿನಿಕ್ ಅದಕ್ಕಿಂತ ಕೆಳಗಿನ ಮೆಟ್ಟಿಲು. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಒಂದು ಆದೇಶದಲ್ಲಿ ಮಾತ್ರೆಯನ್ನು ಅಲ್ಲಿಗೂ ತರಬಹುದು. ಅದೇ ಕಾಯ್ದೆಯ 115ನೇ ಸೆಕ್ಷನ್ ಇನ್ನೊಂದು ಭರವಸೆ ಕೊಡುತ್ತದೆ: ಸಾಯಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಶಿಕ್ಷಿಸಬಾರದು. ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಮನೆಯವರು ಸಂಗತಿ ಮುಚ್ಚಿಟ್ಟು ಚಿಕಿತ್ಸೆ ತಪ್ಪಿಸಬೇಡಿ.

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ಐದರ ಆಯುಕ್ತರಿಗೂ ನಮ್ಮ ಅರ್ಜಿ ಮುಟ್ಟಬೇಕು. ನಿಮ್ಮ ವಾರ್ಡಿನ ನಮ್ಮ ಕ್ಲಿನಿಕ್ಕಿಗೆ ಹೋಗಿ, ಮನಸ್ಸಿನ ಕಾಯಿಲೆಯ ಮಾತ್ರೆ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಅದನ್ನೇ ದಿನಾಂಕ ಹಾಕಿ ಅರ್ಜಿಯಲ್ಲಿ ಬರೆಯಿರಿ, ಹತ್ತು ಮನೆಯವರ ಸಹಿ ಹಾಕಿಸಿ, ಸ್ವೀಕೃತಿ ತೆಗೆದುಕೊಂಡು ಇಟ್ಟುಕೊಳ್ಳಿ. ಓಟು ಕೇಳಿಕೊಂಡು ಬಂದವರಿಗೆ ಚರಂಡಿ, ನೀರಿನ ಜೊತೆಗೆ ಇದನ್ನೂ ಕೇಳಿ.

ಅಲ್ಲಿಯವರೆಗೆ ಕಷ್ಟದಲ್ಲಿರುವವರು ಒಬ್ಬರೇ ಇರಬೇಡಿ. ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ, ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ.